ಜಾರ್ಜ್ ವಾಷಿಂಗ್ಟನ್ನನ ಮರಣಶಾಸನ

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಪ್ರಥಮ ಅಧ್ಯಕ್ಷನಾದ ಜಾರ್ಜ್ ವಾಷಿಂಗ್ಟನ್ನನ ಹೆಸರನ್ನು ಕೇಳದ ವಿದ್ಯಾರ್ಥಿಯಿಲ್ಲ. ಎಂಟು ವರ್ಷಗಳ ಕಾಲ ಇಂಗ್ಲೆಂಡಿನ ಸೈನ್ಯದೊಡನೆ ಹೋರಾಡಿ ಗೆದ್ದುದು, ಗೆದ್ದ ಮೇಲೆ ಕತ್ತಿಯನ್ನು ಕೆಳಗಿಟ್ಟು ಹೊಲಕ್ಕೆ ಹಿಂದಿರುಗಿದುದು, ಎರಡು ಬಾರಿ ಅಧ್ಯಕ್ಷನಾಗಿ ಮೂರನೆಯ ಬಾರಿ ಒಲ್ಲೆನೆಂದುದು, ಇವೆಲ್ಲ ನಮ್ಮ ಚರಿತ್ರೆಯ ಪುಸ್ತಕಗಳಲ್ಲಿ ಬಂದೇ ಬರುತ್ತವೆ. ಬಾಲ್ಯದಲ್ಲಿ ಚೆರ್ರಿ ಮರವನ್ನು ಕಡಿದು ತಂದೆಯ ಮುಂದೆ ನಿಜವನ್ನೊಪ್ಪಿಕೊಂಡ ಕಥೆಯಂತೂ, ಅದು ಅವನು ಸತ್ತ ಮೇಲೆ ವೀಮ್ಸ್ ಎಂಬ ಪಾದ್ರಿ ಕಟ್ಟಿದ್ದೆಂದು ಗೊತ್ತಾದ ಮೇಲೂ ಪಠ್ಯಪುಸ್ತಕಗಳನ್ನು ಬಿಟ್ಟು ಹೋಗಿಲ್ಲ. ಆದರೆ ಈ ಪುರುಷನ ಬಾಳನ್ನು ಇನ್ನೊಂದು ದಾರಿಯಿಂದಲೂ ನೋಡಬಹುದು. ಅವನ ಜೀವನದ ಒಂದೊಂದು ತಿರುವಿನಲ್ಲಿಯೂ ಒಂದು ಉಯಿಲು ನಿಂತಿದೆ: ತಂದೆಯ ಉಯಿಲು, ಅಣ್ಣನ ಉಯಿಲು, ಒಬ್ಬನು ಬರೆಯದೆಯೇ ಸತ್ತ ಉಯಿಲು, ತಾಯಿಯ ಉಯಿಲು, ಕಟ್ಟಕಡೆಗೆ ಅವನು ತನ್ನ ಕೈಯಿಂದಲೇ ಬರೆದ ಉಯಿಲು. ಆ ದಾರಿಯಲ್ಲಿ ನಡೆದರೆ ಕಾಣುವ ವಾಷಿಂಗ್ಟನ್ನನು ಪ್ರತಿಮೆಗಳ ವಾಷಿಂಗ್ಟನ್ನನಿಗಿಂತ ಸ್ವಲ್ಪ ಚಿಕ್ಕವನು. ಆದರೆ ಹೆಚ್ಚು ನಿಜವಾದವನು.

ಮೊದಲು ಆ ಕಾಲದ ವಾರಸು ಪದ್ಧತಿಯನ್ನು ತಿಳಿಯಬೇಕು. ವರ್ಜೀನಿಯ ಆಗ ಇಂಗ್ಲೆಂಡಿನ ವಸಾಹತು. ಅಲ್ಲಿಗೆ ವಲಸೆ ಬಂದವರು ಹಡಗಿನಲ್ಲಿ ಬೀಜ, ನೇಗಿಲುಗಳ ಜೊತೆಗೆ ತಮ್ಮ ಕಾನೂನನ್ನೂ ತಂದಿದ್ದರು. ಉಯಿಲು ಬರೆಯದೆ ಸತ್ತವನ ಭೂಮಿಯೆಲ್ಲ ಹಿರಿಯ ಮಗನಿಗೆ; ವಿಧವೆಗೆ ಜೀವವಿರುವ ತನಕ ಮೂರರಲ್ಲೊಂದು ಪಾಲಿನ ಅನುಭೋಗ ಮಾತ್ರ. ಉತ್ತರದ ಮ್ಯಾಸಚೂಸೆಟ್ಸ್ ಮೊದಲಾದ ವಸಾಹತುಗಳಲ್ಲಿ ಹಿರಿಯ ಮಗನಿಗೆ ಎರಡು ಪಾಲು, ಉಳಿದವರಿಗೆ ಒಂದೊಂದು ಪಾಲು ಎಂಬ ಬೈಬಲ್ಲಿನ ಕ್ರಮ ನಡೆಯುತ್ತಿತ್ತು. ವರ್ಜೀನಿಯದಲ್ಲಿ ಆ ದಾಕ್ಷಿಣ್ಯವಿರಲಿಲ್ಲ. ಆದುದರಿಂದ ಕಿರಿಯ ಮಕ್ಕಳಿಗೆ ಏನಾದರೂ ಸಿಕ್ಕಬೇಕಾದರೆ ತಂದೆಯು ಉಯಿಲು ಬರೆಯಲೇಬೇಕು. ದೇವರ ಹೆಸರಿನಿಂದ ಆರಂಭಿಸಿ, ಆತ್ಮವನ್ನು ದೇವರಿಗೂ ದೇಹವನ್ನು ಮಣ್ಣಿಗೂ ಒಪ್ಪಿಸಿ, ಆಮೇಲೆ ಹೊಲ, ಹಾಸಿಗೆ, ತಾಮ್ರದ ಪಾತ್ರೆ, ಹಸು, ಕುದುರೆಗಳನ್ನು ಹಂಚುವುದು ಅದರ ವಾಡಿಕೆ. ಸತ್ತ ಮೇಲೆ ಜಿಲ್ಲೆಯ ಕೋರ್ಟಿಗೆ ಅದನ್ನು ಹಾಜರು ಮಾಡಬೇಕು. ಗುಮಾಸ್ತನು ದಪ್ಪ ಪುಸ್ತಕದಲ್ಲಿ ಅದನ್ನು ನಕಲು ಮಾಡಬೇಕು. ಕೋರ್ಟು ನೇಮಿಸಿದ ನೆರೆಹೊರೆಯವರು ಬಂದು ಮನೆಯ ಚಮಚದವರೆಗೆ ಎಲ್ಲಕ್ಕೂ ಬೆಲೆ ಕಟ್ಟಬೇಕು.

ಆ ಬೆಲೆಯ ಪಟ್ಟಿಯಲ್ಲಿ ಮನುಷ್ಯರೂ ಇರುತ್ತಿದ್ದರು. ಆಫ್ರಿಕದಿಂದ ತಂದ ಗುಲಾಮರ ಹೆಸರು, ವಯಸ್ಸು, ಬೆಲೆಗಳು ಹಸು, ಕುದುರೆಗಳ ಬೆಲೆಗಳ ಜೊತೆಯಲ್ಲಿಯೇ ಬರುತ್ತಿದ್ದವು. ತಾಯಿ ಗುಲಾಮಳಾದರೆ ಮಗುವೂ ಗುಲಾಮನೆಂದು ೧೬೬೨ರ ಕಾನೂನು ವಿಧಿಸಿತ್ತು. ವಾರಸಿನ ವಿಷಯದಲ್ಲಿ ಗುಲಾಮರನ್ನು ಭೂಮಿಯಂತೆ ಸ್ಥಿರಸ್ವತ್ತೆಂದು ಎಣಿಸಬೇಕೆಂದು ೧೭೦೫ರ ಕಾನೂನು ಸೇರಿಸಿತು. ಈ ಎರಡು ಮಾತುಗಳನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಕಥೆ ಅರ್ಥವಾಗುತ್ತದೆ.

ಜಾರ್ಜನು ಹುಟ್ಟಿದ್ದು ೧೭೩೨ನೆಯ ಇಸವಿ ಫೆಬ್ರವರಿ ೨೨ರಂದು, ವೆಸ್ಟ್‌ಮೋರ್‌ಲೆಂಡ್ ಜಿಲ್ಲೆಯ ಪೋಪ್ಸ್ ಕ್ರೀಕ್ ಎಂಬಲ್ಲಿ. ತಂದೆ ಆಗಸ್ಟಿನ್ ವಾಷಿಂಗ್ಟನ್ ಹೊಗೆಸೊಪ್ಪಿನ ಬೆಳೆಗಾರ. ಮೊದಲ ಹೆಂಡತಿಯಲ್ಲಿ ಅವನಿಗೆ ಲಾರೆನ್ಸ್, ಆಗಸ್ಟಿನ್ ಎಂಬಿಬ್ಬರು ಗಂಡುಮಕ್ಕಳು ಉಳಿದಿದ್ದರು. ಆಕೆ ತೀರಿಕೊಂಡ ಮೇಲೆ ಮೇರಿ ಬಾಲ್ ಎಂಬವಳನ್ನು ವರಿಸಿದನು. ಆಕೆಯ ಹಿರಿಯ ಮಗನೇ ಜಾರ್ಜ್. ೧೭೪೩ರ ಏಪ್ರಿಲ್ ತಿಂಗಳಲ್ಲಿ ತಂದೆ ತೀರಿಹೋದಾಗ ಜಾರ್ಜನಿಗೆ ಹನ್ನೊಂದು ವರ್ಷ.

ಆಗಸ್ಟಿನ್ನನ ಉಯಿಲು ದೊಡ್ಡ ಮಕ್ಕಳನ್ನು ದೊಡ್ಡದಾಗಿಯೂ ಚಿಕ್ಕ ಮಕ್ಕಳನ್ನು ಚಿಕ್ಕದಾಗಿಯೂ ಕಂಡಿತು. ಪೊಟೋಮ್ಯಾಕ್ ನದಿಯ ದಡದ ಉತ್ತಮ ಜಮೀನು ಲಾರೆನ್ಸನಿಗೆ ಹೋಯಿತು. ಪೋಪ್ಸ್ ಕ್ರೀಕಿನ ಜಮೀನು ಎರಡನೆಯವನಿಗೆ. ಜಾರ್ಜನಿಗೆ ಬಂದದ್ದು ರಾಪಹಾನಕ್ ನದಿಯ ದಡದಲ್ಲಿ ತಾವು ವಾಸವಾಗಿದ್ದ, ಮುಂದೆ ಫೆರಿ ಫಾರ್ಮ್ ಎಂದು ಹೆಸರಾದ ಸಾಧಾರಣ ಜಮೀನು, ಇನ್ನಷ್ಟು ಚೂರು ಭೂಮಿ, ಮತ್ತು ೧೦ ಮಂದಿ ಗುಲಾಮರು. ಹನ್ನೊಂದು ವರ್ಷದ ಹುಡುಗನು ಒಂದು ಕಾಗದದ ಬಲದಿಂದ ಹತ್ತು ಮಂದಿ ಮನುಷ್ಯರ ಒಡೆಯನಾದನು. ಅದರಲ್ಲಿ ವಿಚಿತ್ರವೇನಾದರೂ ಇದೆಯೆಂದು ಆ ಊರಿನಲ್ಲಿ ಯಾರಿಗೂ ತೋರಲಿಲ್ಲ. ಹುಡುಗನಿಗೂ ತೋರಿರಲಾರದು.

ಆ ಉಯಿಲು ಅವನ ವಿದ್ಯಾಭ್ಯಾಸವನ್ನೂ ನಿರ್ಧರಿಸಿತು. ಅಣ್ಣಂದಿರಿಬ್ಬರೂ ಇಂಗ್ಲೆಂಡಿನ ಆಪಲ್‌ಬಿಯ ಶಾಲೆಯಲ್ಲಿ ಓದಿದ್ದರು. ತಂದೆಯಿಲ್ಲದ ಜಾರ್ಜನಿಗೆ ಆ ಭಾಗ್ಯ ಬರಲಿಲ್ಲ. ಕಾಲೇಜಿನ ಮೆಟ್ಟಿಲನ್ನು ಅವನು ವಿದ್ಯಾರ್ಥಿಯಾಗಿ ಎಂದೂ ಹತ್ತಲಿಲ್ಲ. ಇದರ ಕೊರಗು ಅವನಿಗೆ ಕೊನೆಯವರೆಗೂ ಇತ್ತು. ನೌಕಾಪಡೆಗೆ ಸೇರಿಸುವ ಏರ್ಪಾಡಾದರೆ ತಾಯಿ ಒಪ್ಪಲಿಲ್ಲ. ಕಡೆಗೆ ಲೆಕ್ಕ, ಅಳತೆಗಳನ್ನು ಕಲಿತು ಮೋಜಣಿಯ ಕೆಲಸವನ್ನು ಹಿಡಿದನು. ೧೭೪೯ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿಯೇ, ಕಲ್ಪೆಪರ್ ಜಿಲ್ಲೆಯ ಸರ್ವೆಯರ್ ಆಗಿ ನೇಮಕವಾದನು. ಕಾಡುಗಳಲ್ಲಿ ಸರಪಳಿ ಹಿಡಿದು ಪರರ ಭೂಮಿಯನ್ನು ಅಳೆದು, ಬಂದ ಹಣದಲ್ಲಿ ತನ್ನದಾಗಿ ಭೂಮಿ ಕೊಂಡನು. ಪಿತ್ರಾರ್ಜಿತ ಕಡಮೆಯಾದವನಿಗೆ ಸ್ವಯಾರ್ಜಿತದ ಹಸಿವು ಹೆಚ್ಚು ಎಂಬುದಕ್ಕೆ ಅವನ ಬಾಳೆಲ್ಲ ಸಾಕ್ಷಿ.

ಎರಡನೆಯ ಉಯಿಲು ಅಣ್ಣ ಲಾರೆನ್ಸನದು. ಲಾರೆನ್ಸನು ಅಡ್ಮಿರಲ್ ವರ್ನನ್ನನ ಕೈಕೆಳಗೆ ಕಾರ್ಟಜೀನದ ಯುದ್ಧಕ್ಕೆ ಹೋಗಿ ಬಂದವನು. ಆ ಅಭಿಮಾನದಿಂದ ತನ್ನ ಮನೆಗೆ ಮೌಂಟ್ ವರ್ನನ್ ಎಂದು ಹೆಸರಿಟ್ಟನು. ತಂದೆಯಿಲ್ಲದ ತಮ್ಮನಿಗೆ ಅವನೇ ತಂದೆಯಂತಿದ್ದನು. ಅವನಿಗೆ ಕ್ಷಯ ತಗುಲಿದಾಗ ಹವೆ ಬದಲಾವಣೆಗೆಂದು ೧೭೫೧ರಲ್ಲಿ ಅಣ್ಣತಮ್ಮಂದಿರಿಬ್ಬರೂ ಬಾರ್ಬಡೋಸ್ ದ್ವೀಪಕ್ಕೆ ಹೋದರು. ಅಣ್ಣನಿಗೆ ಗುಣವಾಗಲಿಲ್ಲ, ತಮ್ಮನಿಗೆ ಅಲ್ಲಿ ಸಿಡುಬು ಬಂದು ಹೋಯಿತು. ೧೭೫೨ರ ಜುಲೈ ತಿಂಗಳಲ್ಲಿ ಲಾರೆನ್ಸನು ತೀರಿಕೊಂಡನು. ಮೌಂಟ್ ವರ್ನನ್ ಹೆಂಡತಿಗೂ ಎಳೆಯ ಮಗಳು ಸಾರಾಳಿಗೂ ಸೇರತಕ್ಕದ್ದು. ಮಗಳು ಸಂತಾನವಿಲ್ಲದೆ ಹೋದರೆ, ಹೆಂಡತಿಯ ಕಾಲಾನಂತರ ಜಾರ್ಜನಿಗೆ ಬರತಕ್ಕದ್ದು ಎಂದು ಅವನ ಏರ್ಪಾಡು. ಎರಡು ವರ್ಷಗಳಲ್ಲಿ ಆ ಮಗು ತೀರಿಹೋಯಿತು. ವಿಧವೆಯಾದ ಅತ್ತಿಗೆ ಮರುಮದುವೆಯಾಗಿ ದೂರ ಹೋದಳು. ಜಾರ್ಜನು ೧೭೫೪ರಲ್ಲಿ ಆ ಜಮೀನನ್ನು ವರ್ಷಕ್ಕೆ ೧೫,೦೦೦ ಪೌಂಡು ತೂಕದ ಹೊಗೆಸೊಪ್ಪಿನ ಗೇಣಿಗೆ ಹಿಡಿದನು. ೧೭೬೧ರಲ್ಲಿ ಆಕೆ ಸತ್ತ ಮೇಲೆ ಮೌಂಟ್ ವರ್ನನ್ ಅವನ ಸ್ವಂತವಾಯಿತು. ಲೋಕವೆಲ್ಲ ವಾಷಿಂಗ್ಟನ್ನನ ಮನೆಯೆಂದು ನೋಡಲು ಹೋಗುವ ಆ ಮನೆ, ಎರಡು ಸಾವುಗಳೂ ಒಂದು ಷರತ್ತೂ ಕೂಡಿ ಬಂದು ಅವನಿಗೆ ದೊರೆತದ್ದು.

ಮೂರನೆಯದು ಬರೆಯದ ಉಯಿಲು. ಅವನ ಬಾಳಿನ ಮೇಲೆ ಎಲ್ಲಕ್ಕಿಂತ ಭಾರವಾಗಿ ಕುಳಿತದ್ದು ಇದೇ. ಡೇನಿಯಲ್ ಪಾರ್ಕ್ ಕಸ್ಟಿಸ್ ಎಂಬ ಶ್ರೀಮಂತನು ೧೭೫೭ರ ಜುಲೈ ತಿಂಗಳಲ್ಲಿ ಇದ್ದಕ್ಕಿದ್ದಂತೆ ಸತ್ತನು. ಉಯಿಲು ಬರೆದಿರಲಿಲ್ಲ. ಸುಮಾರು ೧೭,೫೦೦ ಎಕರೆ ಭೂಮಿ, ೩೦೦ಕ್ಕೆ ಸಮೀಪವಾದ ಗುಲಾಮರು, ಹೇರಳವಾದ ಹಣ, ಇಪ್ಪತ್ತಾರು ವರ್ಷದ ವಿಧವೆ ಮಾರ್ತಾ, ಎರಡು ಎಳೆಯ ಮಕ್ಕಳು, ಇಷ್ಟನ್ನು ಅವನು ಬಿಟ್ಟು ಹೋದನು. ಕಾನೂನು ತನ್ನ ಕೆಲಸವನ್ನು ಮಾಡಿತು. ಭೂಮಿ, ಗುಲಾಮರಲ್ಲಿ ಮೂರನೆಯ ಒಂದು ಪಾಲು ಮಾರ್ತಾಳ ಜೀವಿತಕಾಲದ ಅನುಭೋಗಕ್ಕೆ. ಆಕೆಯ ತರುವಾಯ ಅದು ಕಸ್ಟಿಸ್ ವಂಶದ ವಾರಸುದಾರರಿಗೆ. ಆ ಪಾಲನ್ನು ಆಕೆ ಅನುಭವಿಸಬಹುದು, ಮಾರುವಂತಿಲ್ಲ, ದಾನ ಮಾಡುವಂತಿಲ್ಲ, ಆ ಗುಲಾಮರನ್ನು ಬಿಡುಗಡೆ ಮಾಡುವಂತೆಯೂ ಇಲ್ಲ. ೧೭೫೯ರ ಜನವರಿ ೬ರಂದು ಮಾರ್ತಾಳನ್ನು ಮದುವೆಯಾದ ವಾಷಿಂಗ್ಟನ್ನನಿಗೆ ಆಕೆಯ ಪಾಲಿನ ಆಡಳಿತ ಬಂದಿತು. ಅದರ ಜೊತೆಗೆ ಈ ಕಟ್ಟುಗಳೂ ಬಂದವು. ಮಲಮಕ್ಕಳ ಆಸ್ತಿಗೆ ಪೋಷಕನಾಗಿ ವರ್ಷ ವರ್ಷವೂ ಅವನು ನ್ಯಾಯಾಲಯಕ್ಕೆ ಲೆಕ್ಕ ಒಪ್ಪಿಸಿದನು. ಸ್ವಂತ ಮಕ್ಕಳು ಅವನಿಗೆ ಆಗಲೇ ಇಲ್ಲ. ಮಲಮಗಳು ಪ್ಯಾಟ್ಸಿ ಅಪಸ್ಮಾರದಿಂದ ೧೭೭೩ರಲ್ಲಿ ಹದಿನೇಳನೆಯ ವಯಸ್ಸಿಗೇ ಸತ್ತಾಗ ಅವನು ಬಹಳ ಸಂಕಟಪಟ್ಟನು. ಆಕೆಯ ಪಾಲಿನ ಅರ್ಧ ಹಣ ತಾಯಿಯ ಮೂಲಕ ಅವನಿಗೆ ಬಂದು, ಲಂಡನ್ನಿನ ವರ್ತಕರಲ್ಲಿ ಬೆಳೆದಿದ್ದ ಸಾಲಕ್ಕೆ ಸಂದಿತು. ದುಃಖವೂ ಲಾಭವೂ ಒಂದೇ ಬಾಗಿಲಿನಿಂದ ಮನೆಗೆ ಬರುವುದು ವಾರಸಿನ ವ್ಯವಹಾರದಲ್ಲಿ ಸಾಮಾನ್ಯ.

ಮುಂದಿನ ಕಥೆ ಎಲ್ಲರಿಗೂ ಗೊತ್ತು. ೧೭೭೫ರಲ್ಲಿ ಅವನು ವಸಾಹತುಗಳ ಸೈನ್ಯಕ್ಕೆ ಸೇನಾಪತಿಯಾದನು. ಆ ಸುದ್ದಿಯನ್ನು ಹೆಂಡತಿಗೆ ತಿಳಿಸಿದ ಕಾಗದದಲ್ಲಿಯೇ, ವಕೀಲ ಎಡ್ಮಂಡ್ ಪೆಂಡಲ್ಟನ್ನನಿಂದ ಒಂದು ಉಯಿಲನ್ನು ಬರೆಯಿಸಿರುವುದನ್ನೂ ತಿಳಿಸಿದನು. ಯುದ್ಧ ೧೭೮೩ರಲ್ಲಿ ಮುಗಿಯಿತು. ೧೭೮೯ರಿಂದ ೧೭೯೭ರವರೆಗೆ ಅಧ್ಯಕ್ಷನಾಗಿದ್ದನು. ಅಧ್ಯಕ್ಷನಾದ ವರ್ಷವೇ ತಾಯಿ ತೀರಿಕೊಂಡು, ಆಕೆಯ ಉಯಿಲಿನ ಪ್ರಕಾರ ಒಂದಿಷ್ಟು ಭೂಮಿ, ಮಂಚ ಹಾಸಿಗೆ, ಕನ್ನಡಿಗಳ ಜೊತೆಗೆ ಒಬ್ಬ ಗುಲಾಮ ಹುಡುಗನೂ ಅವನ ಪಾಲಿಗೆ ಬಂದನು.

ಈ ವರ್ಷಗಳಲ್ಲಿ ನಾಡಿನ ಕಾನೂನು ಬದಲಾಗುತ್ತಿತ್ತು. ಜೆಫರ್ಸನ್ನನ ಪ್ರಯತ್ನದಿಂದ ವರ್ಜೀನಿಯದಲ್ಲಿ, ಭೂಮಿಯನ್ನು ವಂಶಕ್ಕೆ ಬಿಗಿದು ಕಟ್ಟುವ ಪದ್ಧತಿ ೧೭೭೬ರಲ್ಲಿಯೂ, ಹಿರಿಯ ಮಗನಿಗೇ ಎಲ್ಲವೆಂಬ ಪದ್ಧತಿ ೧೭೮೫ರಲ್ಲಿಯೂ ರದ್ದಾದವು. ಒಡೆಯನು ಇಷ್ಟಪಟ್ಟರೆ ತನ್ನ ಗುಲಾಮರನ್ನು ತಾನೇ ಬಿಡುಗಡೆ ಮಾಡಬಹುದೆಂದು ೧೭೮೨ರ ಕಾನೂನು ಅವಕಾಶ ಕೊಟ್ಟಿತು. ವಾಷಿಂಗ್ಟನ್ನನ ಮನಸ್ಸೂ ಬದಲಾಗುತ್ತಿತ್ತು. ಯುದ್ಧದಲ್ಲಿ ಕರಿಯ ಸೈನಿಕರು ತನ್ನ ಕೆಳಗೆ ಹೋರಾಡಿದುದನ್ನು ಅವನು ಕಂಡಿದ್ದನು; ಗುಲಾಮಪದ್ಧತಿ ಕ್ರಮೇಣ ಹೋಗಬೇಕೆಂದು ಸ್ನೇಹಿತರಿಗೆ ಖಾಸಗಿಯಾಗಿ ಬರೆಯುತ್ತಿದ್ದನು. ಬಹಿರಂಗವಾಗಿ ಮಾತ್ರ ಬಾಯಿ ಬಿಡಲಿಲ್ಲ. ಬಾಯಿ ಬಿಡದಿದ್ದುದಷ್ಟೇ ಅಲ್ಲ, ತನ್ನ ಹಿಡಿತವನ್ನೂ ಸಡಿಲಿಸಲಿಲ್ಲ. ಇದಕ್ಕೆ ಓನಾ ಜಡ್ಜ್ ಎಂಬ ಹೆಣ್ಣುಮಗಳ ಕಥೆಯೇ ಸಾಕ್ಷಿ. ಈಕೆ ಮಾರ್ತಾಳ ಪರಿಚಾರಿಕೆ. ಕಸ್ಟಿಸ್ ಆಸ್ತಿಗೆ ಸೇರಿದವಳು. ಮಾರ್ತಾಳ ಮೊಮ್ಮಗಳ ಮದುವೆಗೆ ತನ್ನನ್ನು ಉಡುಗೊರೆಯಾಗಿ ಕೊಡಲಿದ್ದಾರೆಂದು ತಿಳಿದು, ೧೭೯೬ರ ಮೇ ತಿಂಗಳಲ್ಲಿ, ಅಧ್ಯಕ್ಷನೂ ಅವನ ಹೆಂಡತಿಯೂ ಊಟಕ್ಕೆ ಕುಳಿತಿದ್ದಾಗ ಫಿಲಡೆಲ್ಫಿಯದ ಮನೆಯಿಂದ ಹೊರಬಿದ್ದು ಹಡಗು ಹತ್ತಿ ನ್ಯೂ ಹ್ಯಾಂಪ್‌ಷೈರಿಗೆ ಹೋದಳು. ಅಧ್ಯಕ್ಷನು ಆಕೆಯನ್ನು ಹಿಡಿತರಿಸಲು ಮತ್ತೆ ಮತ್ತೆ ಯತ್ನಿಸಿದನು, ಆಕೆ ಸಿಕ್ಕಲಿಲ್ಲ. ೧೮೪೮ರಲ್ಲಿ ಮುದುಕಿಯಾಗಿ ಸತ್ತಾಗಲೂ ಕಾನೂನಿನ ಕಣ್ಣಿಗೆ ಆಕೆ ಕಸ್ಟಿಸ್ ವಾರಸುದಾರರ ಸ್ವತ್ತೇ.

ಅಧ್ಯಕ್ಷಪದವಿಯನ್ನು ಬಿಟ್ಟು ಮನೆಗೆ ಬಂದ ಮೇಲೆ, ೧೭೯೯ರ ಬೇಸಗೆಯಲ್ಲಿ, ಅರುವತ್ತೇಳು ವರ್ಷದ ವಾಷಿಂಗ್ಟನ್ನನು ಮೌಂಟ್ ವರ್ನನ್ನಿನ ಗುಲಾಮರೆಲ್ಲರ ಪಟ್ಟಿಯೊಂದನ್ನು ತಾನೇ ತಯಾರಿಸಿದನು. ಒಟ್ಟು ೩೧೭ ಮಂದಿ. ಅವರಲ್ಲಿ ೧೨೩ ಮಂದಿ ಅವನ ಸ್ವಂತ; ೧೫೩ ಮಂದಿ ಕಸ್ಟಿಸ್ ಪಾಲಿನವರು; ಉಳಿದವರು ಬಾಡಿಗೆಗೆ ತಂದವರು. ನಲವತ್ತು ವರ್ಷಗಳ ಕಾಲ ಒಂದೇ ಜಮೀನಿನಲ್ಲಿ ಬಾಳಿದ ಈ ಎರಡು ಗುಂಪಿನವರು ಪರಸ್ಪರ ಮದುವೆಯಾಗಿದ್ದರು. ಗಂಡ ಜಾರ್ಜನ ಸ್ವತ್ತು, ಹೆಂಡತಿ ಕಸ್ಟಿಸ್ ಸ್ವತ್ತು. ಮಕ್ಕಳು ತಾಯಿಯ ಕಡೆಗೆ. ಪಟ್ಟಿಯಲ್ಲಿ ಯಾರ ಹೆಂಡತಿ ಯಾರು, ಯಾವ ಕಡೆಯವಳು ಎಂಬುದನ್ನು ಅವನು ಬರೆದಿಟ್ಟನು. ಮೋಜಣಿದಾರನಾಗಿ ಭೂಮಿಯ ಎಲ್ಲೆಯನ್ನು ಗುರುತಿಸಿ ಜೀವನವನ್ನಾರಂಭಿಸಿದವನು, ಕೊನೆಯಲ್ಲಿ ಸಂಸಾರಗಳ ನಡುವೆ ಕಾನೂನು ಎಳೆದ ಎಲ್ಲೆಯನ್ನು ಗುರುತಿಸಬೇಕಾಯಿತು.

ಆಮೇಲೆ ಉಯಿಲನ್ನು ಬರೆದನು. ೧೫ ಹಾಳೆಗಳು, ೨೯ ಪುಟಗಳು; ಎಲ್ಲವೂ ಅವನ ಸ್ವಹಸ್ತಾಕ್ಷರ. ವಕೀಲರ ಸಹಾಯವನ್ನು ಪಡೆಯಲಿಲ್ಲ. ಪೂರ್ತಿಯಾಗಿ ಸ್ವಂತ ಕೈಯಿಂದ ಬರೆದ ಉಯಿಲಿಗೆ ವರ್ಜೀನಿಯದಲ್ಲಿ ಸಾಕ್ಷಿಗಳು ಬೇಕಾಗಿರಲಿಲ್ಲ. ಆದುದರಿಂದ ಸಾಕ್ಷಿಯ ರುಜುವೂ ಇಲ್ಲ. ಒಂದು ಪುಟವನ್ನುಳಿದು ಪ್ರತಿ ಪುಟದ ಕೆಳಗೂ ತನ್ನ ರುಜು ಹಾಕಿದನು. ತಾರೀಖು ಜುಲೈ ೯. ಇಸವಿಯನ್ನು ಅಕ್ಷರಗಳಲ್ಲಿ ಬರೆಯುವಾಗ ತೊಂಬತ್ತೊಂಬತ್ತರ ಕೊನೆಯ ಒಂಬತ್ತು ಬಿಟ್ಟುಹೋಗಿದೆ. ಅಷ್ಟು ಎಚ್ಚರಿಕೆಯ ಮನುಷ್ಯನ ಕೈಯೂ ತಪ್ಪುತ್ತದೆ.

ಉಯಿಲಿನಲ್ಲಿ ಆಸ್ತಿಯೆಲ್ಲದರ ಅನುಭೋಗವನ್ನು ಮೊದಲು ಹೆಂಡತಿಗೆ ಜೀವಾವಧಿಯಾಗಿ ಕೊಟ್ಟನು. ಅದಾದ ಕೂಡಲೇ, ಮನೆ ಭೂಮಿಗಳ ಹಂಚಿಕೆಗಿಂತ ಮುಂಚೆಯೇ, ಗುಲಾಮರ ಮಾತು ಬರುತ್ತದೆ. ತನ್ನ ಸ್ವಂತದ ಗುಲಾಮರೆಲ್ಲರೂ ಮಾರ್ತಾಳ ಕಾಲಾನಂತರ ಸ್ವತಂತ್ರರಾಗತಕ್ಕದ್ದು. ಕೂಡಲೇ ಬಿಟ್ಟರೆ ಎರಡು ಗುಂಪಿನ ಸಂಸಾರಗಳು ಒಡೆದು ನೋವಾಗುವುದೆಂಬುದೇ ಈ ವಿಳಂಬಕ್ಕೆ ಅವನು ಕೊಟ್ಟ ಕಾರಣ. ಮುದುಕರನ್ನೂ ಅಶಕ್ತರನ್ನೂ ವಾರಸುದಾರರು ಬದುಕಿರುವ ತನಕ ಊಟ ಬಟ್ಟೆ ಕೊಟ್ಟು ಸಾಕಬೇಕು. ತಂದೆತಾಯಿಗಳಿಲ್ಲದ ಮಕ್ಕಳಿಗೆ ಇಪ್ಪತ್ತೈದು ವಯಸ್ಸಿನವರೆಗೆ ಕಸುಬನ್ನೂ ಓದುಬರಹವನ್ನೂ ಕಲಿಸಬೇಕು. ಯಾರನ್ನೂ ಯಾವ ನೆಪದಿಂದಲೂ ವರ್ಜೀನಿಯದ ಹೊರಕ್ಕೆ ಮಾರಕೂಡದು. ಯುದ್ಧಕಾಲದಲ್ಲೆಲ್ಲ ನೆರಳಿನಂತೆ ಜೊತೆಗಿದ್ದು ಈಗ ಎರಡು ಮೊಣಕಾಲುಗಳೂ ಹೋಗಿದ್ದ ವಿಲಿಯಂ ಲೀ ಎಂಬವನಿಗೆ ತತ್‌ಕ್ಷಣವೇ ಬಿಡುಗಡೆ, ವರ್ಷಕ್ಕೆ ೩೦ ಡಾಲರು ವೇತನ.

ಉಳಿದ ಹಂಚಿಕೆಯಲ್ಲಿಯೂ ಅವನ ಗುಣ ಕಾಣುತ್ತದೆ. ಹಿರಿಯನೊಬ್ಬನಿಗೇ ಎಲ್ಲವನ್ನೂ ಕಟ್ಟುವ ಹಳೆಯ ಪದ್ಧತಿಯನ್ನು ಅವನು ಅನುಸರಿಸಲಿಲ್ಲ. ಮೌಂಟ್ ವರ್ನನ್ ಮನೆ ಸುಪ್ರೀಂ ಕೋರ್ಟಿನ ನ್ಯಾಯಾಧೀಶನಾಗಿದ್ದ ತಮ್ಮನ ಮಗ ಬುಷ್‌ರಾಡನಿಗೆ. ಉಳಿದ ಆಸ್ತಿಯನ್ನು ಮಾರಿ ೨೩ ಭಾಗ ಮಾಡಿ ಬಂಧುಗಳಲ್ಲಿ ಹಂಚಬೇಕು. ಐವರು ಸೋದರರ ಮಕ್ಕಳಿಗೆ ಒಂದೊಂದು ಕತ್ತಿ. ಆತ್ಮರಕ್ಷಣೆಗೆ ಅಥವಾ ದೇಶದ ರಕ್ಷಣೆಗೆ ಹೊರತು ಒರೆಯಿಂದ ತೆಗೆಯಕೂಡದೆಂಬ ಕಟ್ಟಳೆ. ಬೆಂಜಮಿನ್ ಫ್ರಾಂಕ್ಲಿನ್ನನು ತನ್ನ ಉಯಿಲಿನಲ್ಲಿ ಇವನಿಗೆ ಬಿಟ್ಟಿದ್ದ ಬಂಗಾರದ ಹಿಡಿಯ ಬೆತ್ತ ತಮ್ಮ ಚಾರ್ಲ್ಸನಿಗೆ. ಕಾಲೇಜು ಕಾಣದ ಈ ಮನುಷ್ಯನು ರಾಷ್ಟ್ರೀಯ ವಿಶ್ವವಿದ್ಯಾಲಯವೊಂದಕ್ಕೆಂದು ಪೊಟೋಮ್ಯಾಕ್ ಕಂಪನಿಯ ೫೦ ಷೇರುಗಳನ್ನೂ, ಅಲೆಗ್ಸಾಂಡ್ರಿಯದ ಅನಾಥ, ಬಡ ಮಕ್ಕಳ ಶಾಲೆಗೆ ೪,೦೦೦ ಡಾಲರನ್ನೂ ಬರೆದನು. ಕಂಪನಿ ಮುಳುಗಿದ್ದರಿಂದ ಆ ವಿಶ್ವವಿದ್ಯಾಲಯ ಹುಟ್ಟಲಿಲ್ಲ. ಆದರೆ ಅವನ ಇನ್ನೊಂದು ಷೇರುದಾನವನ್ನು ಪಡೆದ ಶಾಲೆ ಇಂದು ವಾಷಿಂಗ್ಟನ್ ಅಂಡ್ ಲೀ ವಿಶ್ವವಿದ್ಯಾಲಯವಾಗಿ ನಿಂತಿದೆ. ವ್ಯಾಜ್ಯ ಬಂದರೆ ಕೋರ್ಟಿಗೆ ಹೋಗದೆ, ಎರಡು ಕಡೆಯವರೂ ಒಬ್ಬೊಬ್ಬರನ್ನು ಆರಿಸಿ, ಆ ಇಬ್ಬರು ಮೂರನೆಯವನನ್ನು ಆರಿಸಿ, ಆ ಮೂವರು ಹೇಳಿದಂತೆ ಕೇಳಬೇಕೆಂದು ಕೊನೆಯ ಮಾತು.

ಐದು ತಿಂಗಳಾದ ಮೇಲೆ ಡಿಸೆಂಬರಿನ ಹಿಮಮಳೆಯಲ್ಲಿ ಕುದುರೆಯ ಮೇಲೆ ಹೊಲ ಸುತ್ತಿ ಬಂದವನಿಗೆ ಗಂಟಲು ಕಟ್ಟಿತು. ವೈದ್ಯರು ಆ ಕಾಲದ ರೂಢಿಯಂತೆ ರಕ್ತ ತೆಗೆದರು. ೧೪ನೆಯ ತಾರೀಖು ಸಂಜೆ ಹೆಂಡತಿಯಿಂದ ಎರಡು ಉಯಿಲುಗಳನ್ನು ತರಿಸಿ, ಒಂದು ನಿರರ್ಥಕವೆಂದು ಹೇಳಿ ಸುಡಿಸಿದನು. ಅದೇ ರಾತ್ರಿ ತೀರಿಕೊಂಡನು. ೧೮೦೦ನೆಯ ಇಸವಿ ಜನವರಿ ೨೦ರಂದು ಉಳಿದ ಉಯಿಲು ಫೇರ್‌ಫ್ಯಾಕ್ಸ್ ಜಿಲ್ಲೆಯ ಕೋರ್ಟಿಗೆ ಹಾಜರಾಯಿತು.

ಈಗ ಮಾರ್ತಾಳ ಸ್ಥಿತಿ ವಿಚಿತ್ರವಾಯಿತು. ಆಕೆಯ ಸಾವಿಗೂ ನೂರಕ್ಕೂ ಹೆಚ್ಚು ಮಂದಿಯ ಬಿಡುಗಡೆಗೂ ಗಂಟು ಬಿದ್ದಿತ್ತು. ತನ್ನ ಸಾವನ್ನೇ ಕಾಯುವ ಜನರ ನಡುವೆ ಬದುಕುವುದು ಕ್ಷೇಮವಲ್ಲವೆಂದು ಆಕೆಗೆ ತೋರಿತು. ೧೮೦೧ರ ಜನವರಿ ೧ರಂದು ಅವರೆಲ್ಲರನ್ನೂ ಬಿಡುಗಡೆ ಮಾಡಿದಳು. ಸಂಸಾರಗಳು ಒಡೆಯಬಾರದೆಂದು ವಾಷಿಂಗ್ಟನ್ನನು ಮಾಡಿದ ಏರ್ಪಾಡು ಅಲ್ಲಿಗೇ ಮುರಿಯಿತು. ೧೮೦೨ರ ಮೇ ತಿಂಗಳಲ್ಲಿ ಆಕೆಯೂ ಸತ್ತಳು. ಕಸ್ಟಿಸ್ ಪಾಲಿನವರನ್ನು ನಾಲ್ವರು ಮೊಮ್ಮಕ್ಕಳು ಹಂಚಿಕೊಂಡರು. ತನ್ನ ಸ್ವಂತಕ್ಕೆ ಸೇರಿದ್ದ ಎಲಿಶ್ ಎಂಬೊಬ್ಬನನ್ನು ಮಾರ್ತಾ ಬಿಡುಗಡೆ ಮಾಡದೆ ಮೊಮ್ಮಗನಿಗೆ ಬರೆದಿದ್ದಳು. ಹರ್ಕ್ಯುಲಿಸ್ ಎಂಬ ಪ್ರಸಿದ್ಧ ಅಡಿಗೆಯವನಿದ್ದನು. ನೆರೆಯವನೊಬ್ಬನ ಸಾಲದ ಲೆಕ್ಕದಲ್ಲಿ ವಾಷಿಂಗ್ಟನ್ನನಿಗೆ ಬಂದವನು. ೧೭೯೭ರಲ್ಲಿ ತಾನಾಗಿಯೇ ತಪ್ಪಿಸಿಕೊಂಡು ಹೋಗಿದ್ದನು. ಈ ಉಯಿಲಿನಿಂದ ಅವನು ಕಾನೂನಿನಂತೆಯೂ ಸ್ವತಂತ್ರನಾದನು. ಅವನ ಮಕ್ಕಳು ಮಾತ್ರ ತಾಯಿಯ ಕಡೆಯಿಂದ ಕಸ್ಟಿಸ್ ಸ್ವತ್ತಾದುದರಿಂದ ಗುಲಾಮರಾಗಿಯೇ ಉಳಿದರು. ಅರುವತ್ತು ವರ್ಷಗಳ ಹಿಂದೆ ಒಬ್ಬ ಶ್ರೀಮಂತನು ಉಯಿಲು ಬರೆಯದೆ ಸತ್ತ ಫಲವನ್ನು ಅವನ ಹೆಸರನ್ನೂ ಕೇಳದ ಮಕ್ಕಳು ಉಂಡರೆಂದರೆ ಹೆಚ್ಚಲ್ಲ. ಅರುವತ್ತಲ್ಲ, ಸರಿಯಾಗಿ ಲೆಕ್ಕ ಹಾಕಿದರೆ ನಲವತ್ತೈದು ವರ್ಷಗಳ ಹಿಂದಣ ಮಾತದು. ಮುದುಕರ ಪೋಷಣೆಯ ವಿಧಿಯನ್ನು ಮಾತ್ರ ವಾರಸುದಾರರು ೧೮೩೩ರವರೆಗೂ ನಡೆಸಿದರು. ಮೌಂಟ್ ವರ್ನನ್ನಿಗೆ ಬಂದ ಬುಷ್‌ರಾಡನು ದೊಡ್ಡಪ್ಪನ ಮಾರ್ಗವನ್ನು ಹಿಡಿಯದೆ, ೧೮೨೧ರಲ್ಲಿ ತನ್ನ ಗುಲಾಮರಲ್ಲಿ ೫೪ ಮಂದಿಯನ್ನು ಲೂಯಿಸಿಯಾನಕ್ಕೆ ಮಾರಿದನು.

ಆ ಕಾಗದಗಳ ಗತಿಯೂ ಹೇಳತಕ್ಕದ್ದೇ. ಅಂತರ್ಯುದ್ಧದ ಕಾಲದಲ್ಲಿ ವಾಷಿಂಗ್ಟನ್ನನ ಉಯಿಲನ್ನು ರಕ್ಷಣೆಗಾಗಿ ರಿಚ್‌ಮಂಡಿಗೆ ಸಾಗಿಸಿದರು. ಅದು ಮಡಿಕೆಗಳಲ್ಲಿ ಹರಿದು, ೧೯೧೦ರಲ್ಲಿ ಅದನ್ನು ದುರಸ್ತಿ ಮಾಡಿಸಬೇಕಾಯಿತು. ಫೇರ್‌ಫ್ಯಾಕ್ಸಿನಲ್ಲಿಯೇ ಉಳಿದಿದ್ದ ಮಾರ್ತಾಳ ಉಯಿಲನ್ನು ಸೈನ್ಯಾಧಿಕಾರಿಯೊಬ್ಬನು ಕದ್ದೊಯ್ದನು. ಅದು ಕೊನೆಗೆ ಕೋಟ್ಯಧೀಶ ಜೆ. ಪಿ. ಮಾರ್ಗನ್ನನ ಸಂಗ್ರಹವನ್ನು ಸೇರಿ, ವರ್ಜೀನಿಯ ವ್ಯಾಜ್ಯ ಹೂಡಿದ ಮೇಲೆ ೧೯೧೫ರಲ್ಲಿ ಹಿಂದಿರುಗಿತು. ಗಂಡಹೆಂಡಿರ ಉಯಿಲುಗಳೆರಡೂ ಈಗ ಫೇರ್‌ಫ್ಯಾಕ್ಸಿನ ಕೋರ್ಟಿನಲ್ಲಿವೆ.

ವಾಷಿಂಗ್ಟನ್ನನನ್ನು ಹೇಗೆ ತೂಗಬೇಕು? ದೇಶವನ್ನು ಬಿಡಿಸಿದವನು ತನ್ನ ಮನೆಯ ಜನರನ್ನು ಬದುಕಿರುವಾಗ ಬಿಡಿಸಲಿಲ್ಲ. ಐವತ್ತಾರು ವರ್ಷಗಳ ಕಾಲ ಅವರ ದುಡಿಮೆಯನ್ನುಂಡು, ಸಾವಿನಾಚೆಗೆ ತನಗೆ ನಷ್ಟವಾಗದ ಹೊತ್ತಿನಲ್ಲಿ ಬಿಡುಗಡೆ ಕೊಟ್ಟನೆಂಬ ಆಕ್ಷೇಪಣೆ ನ್ಯಾಯವಾದದ್ದೇ. ಆದರೆ ಆ ಕಾಲದ ವರ್ಜೀನಿಯದ ಮುಖಂಡರಲ್ಲಿ ಅಷ್ಟನ್ನು ಮಾಡಿದವರೂ ವಿರಳ. ಸ್ವಾತಂತ್ರ್ಯದ ಘೋಷಣೆಯನ್ನು ಬರೆದ ಜೆಫರ್ಸನ್ನನೇ ಉಯಿಲಿನ ಮೂಲಕ ಐವರನ್ನು ಮಾತ್ರ ಬಿಟ್ಟನು. ನಾವು ಪಡೆದದ್ದನ್ನು ಹಾಗೆಯೇ ಮುಂದಿನವರಿಗೆ ದಾಟಿಸುವುದು ಸುಲಭ. ಅದಕ್ಕೆ ಯೋಚನೆ ಬೇಕಾಗಿಲ್ಲ. ಪಡೆದದ್ದರಲ್ಲಿ ಯಾವುದು ದಾಟಿಸಬಾರದ್ದು ಎಂದು ಗುರುತಿಸುವುದು ಕಷ್ಟ. ಹನ್ನೊಂದನೆಯ ವಯಸ್ಸಿನಲ್ಲಿ ಹತ್ತು ಮಂದಿ ಗುಲಾಮರನ್ನು ಪಿತ್ರಾರ್ಜಿತವಾಗಿ ಪಡೆದವನು, ಅರುವತ್ತೇಳರಲ್ಲಿ ಅಂಥ ಪಿತ್ರಾರ್ಜಿತವನ್ನು ತನ್ನ ವಾರಸುದಾರರಿಗೆ ಬಿಡಲೊಲ್ಲದೆ ಹೋದನು. ಅದು ತಡವಾಗಿ ಬಂದಿತು, ಅರ್ಧಕ್ಕೂ ಕಡಮೆ ಜನರಿಗೆ ಮುಟ್ಟಿತು. ಮುಟ್ಟಿದವರಿಗೆ ಮಾತ್ರ ಅದು ಒಂದು ಜೀವಮಾನದಷ್ಟು ದೊಡ್ಡದು.